ಇನ್ನೂರ ಎಪ್ಪತ್ತೊಂದು ಶನಿವಾರಗಳ ಸುಳ್ಳು

ಕನ್ನಡಕದ ಅಂಗಡಿಯವನಿಗೆ ಸುಳ್ಳು ಹಿಡಿಯುವುದೂ ಕಸುಬಿನ ಒಂದು ಭಾಗ. ಗೋಡೆಗೆ ಅಕ್ಷರಗಳ ಹಲಗೆ ತೂಗುಹಾಕಿ, ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ ಓದಿ ಎಂದರೆ ಸಾಕು, ಎಂಥ ದೊಡ್ಡ ಮನುಷ್ಯರೂ ಪರೀಕ್ಷೆಗೆ ಕೂತ ಮಕ್ಕಳಾಗಿಬಿಡುತ್ತಾರೆ. ಕಾಣದಿದ್ದರೂ ಕಾಣುತ್ತದೆ ಎನ್ನುತ್ತಾರೆ. ಕೆಲವರು, ಅದರಲ್ಲೂ ಡ್ರೈವಿಂಗ್ ಲೈಸೆನ್ಸಿಗೆ ಚೀಟಿ ಬೇಕಾದವರು, ಕಾಯುವ ಬೆಂಚಿನ ಮೇಲೆ ಕೂತಲ್ಲೇ ಕೊನೆಯ ಸಾಲನ್ನು ಬಾಯಿಪಾಠ ಮಾಡಿಕೊಂಡು ಒಳಗೆ ಬರುತ್ತಾರೆ. ನಮ್ಮ ಕನ್ನಡಕದವನು ಅವರನ್ನು ಅರೆಗಳಿಗೆಯಲ್ಲಿ ಹಿಡಿಯುತ್ತಿದ್ದ. ನಿಜವಾಗಿ ಓದುವವನು ತಡವರಿಸುತ್ತಾನೆ, ಒಂದಕ್ಕೆ ಇನ್ನೊಂದು ಅಕ್ಷರ ಹೇಳಿ ತಿದ್ದಿಕೊಳ್ಳುತ್ತಾನೆ. ಬಾಯಿಪಾಠದವನು ಸರಸರನೆ ಒಪ್ಪಿಸುತ್ತಾನೆ. ಆಗ ಇವನು ಏನೂ ಅನ್ನದೆ ಹಲಗೆಯನ್ನು ಹಿಂದುಮುಂದು ತಿರುಗಿಸುತ್ತಿದ್ದ. ಹಿಂದಿನ ಮಗ್ಗುಲಲ್ಲಿ ಬೇರೆ ಅಕ್ಷರಗಳಿದ್ದವು.

ಇಂಥವನು ತಾನೇ ಐದು ವರ್ಷದಿಂದ ವಾರಕ್ಕೊಮ್ಮೆ ಬಾಯಿಪಾಠ ಒಪ್ಪಿಸುತ್ತಿದ್ದ ಎಂದರೆ ನೀವು ನಂಬಬೇಕು. ಯಾರ ಕೈಗೂ ಸಿಕ್ಕಿಬಿದ್ದಿರಲಿಲ್ಲ, ಯಾಕೆಂದರೆ ಎಲ್ಲೆಲ್ಲಿ ತಡವರಿಸಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಥೆ ಹೀಗಿದೆ. ಹಿಂದೆ ‘ಹನ್ನೊಂದನೇ ದೋಣಿಕಟ್ಟೆ’ ಎಂಬ ಟಿವಿ ಧಾರಾವಾಹಿಯೊಂದಿತ್ತು. ನದಿ ದಾಟಿಸುವ ಹಳೆಯ ದೋಣಿ, ಅದರ ಕಪ್ತಾನ, ಎಂಜಿನ್ ನೋಡಿಕೊಳ್ಳುವವನು, ಟಿಕೆಟ್ ಕೊಡುವ ಹೆಂಗಸು. ಇಪ್ಪತ್ತಿಪ್ಪತ್ತು ನಿಮಿಷದ ಮುನ್ನೂರ ಹನ್ನೆರಡು ಕಂತು. ಕಪ್ತಾನನ ಹತ್ತಿರ ಬೀಗ ಹಾಕಿದ ಒಂದು ತಗಡಿನ ಡಬ್ಬಿ ಇರುತ್ತದೆ. ಮೊದಲ ಕಂತಿನಲ್ಲಿ ಕಾಣಿಸಿಕೊಂಡ ಆ ಡಬ್ಬಿಯ ಮುಚ್ಚಳ ತೆರೆಯುವುದು ಕಟ್ಟಕಡೆಯ ಕಂತಿನಲ್ಲಿ. ಅದರೊಳಗೆ ಏನಿತ್ತು ಎಂದು ನನ್ನನ್ನು ಕೇಳಬೇಡಿ, ನಾನು ಹೇಳುವವನಲ್ಲ. ಧಾರಾವಾಹಿ ಮುಗಿದ ವರ್ಷವೇ ಅದರ ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಒಂದು ಜಾಗ ಮಾಡಿಕೊಂಡು ಅದಕ್ಕೆ ಅಂಗಳ ಎಂದು ಹೆಸರಿಟ್ಟರು. ಅಂಗಳದ ಮೊದಲ ನಿಯಮ ಇದೇ: ನೋಡಿ ಮುಗಿಸದವರು ಒಬ್ಬರೇ ಒಬ್ಬರು ಇದ್ದರೂ ಡಬ್ಬಿಯ ವಿಷಯ ಬಾಯಿಬಿಡಬಾರದು.

ಎರಡನೆಯದು ನಿಯಮಕ್ಕಿಂತ ಹೆಚ್ಚಾಗಿ ಪದ್ಧತಿ, ಅದಕ್ಕೆ ‘ದಾಟಿಸುವುದು’ ಎನ್ನುತ್ತಿದ್ದರು. ಹೊಸಬರು ಬಂದರೆ ಶನಿವಾರ ಸಂಜೆಗೆ ಒಂದು ಕಂತು, ಒಂದೇ ಕಂತು. ನೋಡಿ, ಅನಿಸಿದ್ದನ್ನು ಬರೆಯಬೇಕು. ಹಳಬರು ಅದೇ ಕಂತನ್ನು ಹತ್ತನೆಯ ಸಲವೋ ಇಪ್ಪತ್ತನೆಯ ಸಲವೋ ಜೊತೆಯಲ್ಲೇ ನೋಡಿ, ನಾಲಿಗೆ ಕಚ್ಚಿಕೊಂಡು ಉತ್ತರ ಬರೆಯಬೇಕು. ತಾಳಲಾರದೆ ಮುಂದಿನ ಕಂತು ನೋಡಿಬಿಟ್ಟವರಿಗೆ ಶಿಕ್ಷೆಯೂ ಇತ್ತು: ಅವರು ಇನ್ನೊಬ್ಬ ಹೊಸಬರನ್ನು ಹುಡುಕಿ ತಂದು ಮೊದಲಿನಿಂದ ಕೊನೆಯವರೆಗೆ ದಾಟಿಸಬೇಕು.

ಒಂದು ಕಾಲದಲ್ಲಿ ಅಂಗಳದಲ್ಲಿ ಎರಡು ಸಾವಿರ ಜನವಿದ್ದರಂತೆ. ಕನ್ನಡಕದವನು ಬರುವ ಹೊತ್ತಿಗೆ ಮೂರು ಜನ ಉಳಿದಿದ್ದರು. ಬಾಗಿಲಮ್ಮ, ಅಂದರೆ ಅಂಗಳದ ಬೀಗದ ಕೈ ಇದ್ದವಳು, ಆಸ್ಪತ್ರೆಯೊಂದರಲ್ಲಿ ನರ್ಸ್. ಗುಂಡುಸೂಜಿ, ದರ್ಜಿ ಕೆಲಸದವಳು. ಕಪ್ತಾನನ ಅಂಗಿಗೆ ನಲವತ್ತನೇ ಕಂತಿನಲ್ಲಿ ಆರು ಗುಂಡಿ, ನಲವತ್ತೊಂದರಲ್ಲಿ ಐದು ಎಂದು ಪತ್ತೆಹಚ್ಚಿದ್ದರಿಂದ ಆ ಹೆಸರು. ಮತ್ತೆ ಮೇಷ್ಟ್ರು, ನಿವೃತ್ತ ಗಣಿತದ ಮೇಷ್ಟ್ರು. ಯಾರೂ ಯಾರ ಮುಖವನ್ನೂ ಕಂಡಿರಲಿಲ್ಲ. ವಾರಕ್ಕೊಂದೇ ಕಂತು ಎಂಬ ನಿಯಮಕ್ಕೆ ಹೊಸಬ ಅಷ್ಟು ಸಲೀಸಾಗಿ ತಲೆಬಾಗಿದ್ದು ನೋಡಿ ಅವನಿಗೆ ಆಮೆ ಎಂದು ಹೆಸರಿಟ್ಟರು.

ಆಮೆ ಹತ್ತೊಂಬತ್ತು ಕಂತು ಪ್ರಾಮಾಣಿಕವಾಗಿಯೇ ನಡೆದ. ಆಮೇಲೆ ಮೈಮೇಲೆ ಸೀತಾಳೆ ಸಿಡುಬು ಎದ್ದಿತು. ನಲವತ್ತೇಳರ ಗಂಡಸಿಗೆ ಮಕ್ಕಳ ಕಾಯಿಲೆ. ಹೆಂಡತಿ ಅವನನ್ನು ಹಿಂದಿನ ಕೋಣೆಗೆ ಹಾಕಿ, ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಹೋಗತೊಡಗಿದಳು. ಮಾಡಲು ಕೆಲಸವಿಲ್ಲ, ತುರಿಸುವ ಹಾಗಿಲ್ಲ. ಇಪ್ಪತ್ತನೇ ಕಂತಿನ ಮೊದಲ ಎರಡು ನಿಮಿಷ ಮಾತ್ರ ನೋಡೋಣ ಎಂದು ಶುರು ಮಾಡಿದವನು ಒಂಬತ್ತು ದಿನದಲ್ಲಿ ಮುನ್ನೂರ ಹನ್ನೆರಡನ್ನೂ ಮುಗಿಸಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಅಂದರೆ ಇದೇ.

ಒಪ್ಪಿಕೊಂಡುಬಿಡಬೇಕು ಎಂದೇ ಅವನು ಆ ಶನಿವಾರ ಅಂಗಳಕ್ಕೆ ಬಂದ. ಬಂದು ನೋಡಿದರೆ ಬಾಗಿಲಮ್ಮ ಬರೆದಿದ್ದಳು: “ಆಮೆಯವರ ಹಿಂದೆ ಸಾಲಲ್ಲಿ ಯಾರೂ ಇಲ್ಲ. ಇವರು ದಾಟಿದ ದಿನ ಅಂಗಳಕ್ಕೆ ಬೀಗ ಹಾಕ್ತೀನಿ. ನಂಗೂ ಸಾಕಾಗಿದೆ.”

ಅವನು ಆ ಎರಡು ಸಾಲನ್ನು ಮೂರು ಸಲ ಓದಿದ. ಈಗ ಬಾಯಿಬಿಟ್ಟರೆ ಇವತ್ತೇ ಬೀಗ. ಇಡೀ ದಿನ ಬೇರೆಯವರ ಕಣ್ಣಿನ ನಂಬರು ಬರೆದುಕೊಳ್ಳುವ ಅವನಿಗೆ, ನಿನಗೆ ಏನು ಕಂಡಿತು ಎಂದು ಕೇಳುವವರು ಜಗತ್ತಿನಲ್ಲಿ ಆ ಮೂವರೇ ಇದ್ದರು. ಅವನು ಬರೆದ: “ಇಪ್ಪತ್ತನೇ ಕಂತು ನೋಡ್ದೆ. ಆ ಟಿಕೆಟ್ ಹೆಂಗಸಿನ ಮೇಲೆ ನಂಗ್ಯಾಕೋ ಅನುಮಾನ.”

ಅಲ್ಲಿಂದ ಶುರುವಾದದ್ದು. ಗೊತ್ತಿಲ್ಲದವನ ಹಾಗೆ ನಟಿಸುವುದಕ್ಕೆ ಗೊತ್ತಿರುವುದಕ್ಕಿಂತ ಹೆಚ್ಚು ಬುದ್ಧಿ ಬೇಕು. ಯಾವ ಕಂತಿನವರೆಗೆ ತನಗೆ ಏನೇನು ತಿಳಿದಿರಬಾರದು ಎಂದು ಅವನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ. ವಾರಕ್ಕೊಂದು ತಪ್ಪು ಊಹೆ ತಯಾರಿಸಿದ. ನೂರ ನಲವತ್ತನಾಲ್ಕನೇ ಕಂತಿಗೆ, ಎಂಜಿನ್‌ನವನೇ ಕಪ್ತಾನನ ಕಳೆದುಹೋದ ತಮ್ಮ ಎಂದು ಎರಡು ಪುಟ ವಾದ ಹೂಡಿದ. ಶುದ್ಧ ತಪ್ಪು. ಆದರೆ ಆ ವಾರ ಅಂಗಳದಲ್ಲಿ ಎಂಥ ಗದ್ದಲ, ಎಂಥ ಸಂಭ್ರಮ! ಹೀಗೆ ಇನ್ನೂರ ಎಪ್ಪತ್ತೊಂದು ಶನಿವಾರ ಕಳೆದವು.

ಇನ್ನೂರ ತೊಂಬತ್ತನೇ ಕಂತು ಮುಗಿದ ಶನಿವಾರ ಬಾಗಿಲಮ್ಮನಿಂದ ಬೇರೆಯೇ ಸುದ್ದಿ ಬಂತು. ಅಂಗಳಕ್ಕೆ ಜಾಗ ಕೊಟ್ಟಿದ್ದ ಕಂಪನಿ ಇಂಥ ಹಳೆಯ ತಾಣಗಳನ್ನೆಲ್ಲ ಮುಚ್ಚುತ್ತಿದೆ. ಇನ್ನು ಹದಿನೈದು ದಿನ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯಿತು. ಬೇರೆ ಕಡೆ ಎತ್ತಿಕೊಂಡು ಹೋಗಲು ಇನ್ನು ತನ್ನ ಕೈಲಾಗದು ಎಂದೂ ಅವಳು ಬರೆದಿದ್ದಳು.

ಕನ್ನಡಕದವನಿಗೆ ದುಃಖವಾಯಿತು. ಅದರ ಹಿಂದೆಯೇ, ಹೇಳಬಾರದು, ಒಂದು ಸಣ್ಣ ಸಮಾಧಾನವೂ ಆಯಿತು: ಸುಳ್ಳು ಬಯಲಾಗದೇ ಎಲ್ಲ ಮುಗಿಯುತ್ತದಲ್ಲ ಎಂದು. ಆ ಸಮಾಧಾನ ಮರುದಿನದವರೆಗೂ ಉಳಿಯಲಿಲ್ಲ.

ಮರುದಿನ ಬಾಗಿಲಮ್ಮ ಬರೆದಳು: “ಇನ್ನು ಇಪ್ಪತ್ತೆರಡು ಕಂತು ಬಾಕಿ ಇದೆ. ಆಮೆಯವರನ್ನ ನಡುನೀರಲ್ಲಿ ಕೈಬಿಡೋಕಾಗುತ್ತಾ? ಬುಧವಾರದಿಂದ ದಿನಾ ಸಂಜೆ ಎರಡೆರಡು ನೋಡೋಣ. ಹನ್ನೊಂದು ಸಂಜೆ. ನಾನು ಡ್ಯೂಟಿ ಬದಲಾಯಿಸ್ಕೊಂಡಿದೀನಿ.”

ಗುಂಡುಸೂಜಿ, ಮದುವೆ ಬಟ್ಟೆಗಳ ಆರ್ಡರ್ ಎರಡನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ ಎಂದಳು. ಮೇಷ್ಟ್ರಿಗೆ ಕಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಾಗಿತ್ತು, ಪರದೆ ನೋಡುವ ಹಾಗಿರಲಿಲ್ಲ. ಮಗಳು ಪಕ್ಕದಲ್ಲಿ ಕೂತು ಓದಿ ಹೇಳುತ್ತಾಳೆ, ತಾನು ಹೇಳಿದ್ದನ್ನು ಅವಳೇ ಬರೆಯುತ್ತಾಳೆ, ಧಾರಾವಾಹಿಯನ್ನು ಕಣ್ಣು ಮುಚ್ಚಿಕೊಂಡೇ ಕೇಳುತ್ತೇನೆ ಎಂದು ಅವರು ತಿಳಿಸಿದರು. ಇದೆಲ್ಲ ಯಾರಿಗೋಸ್ಕರ? ಐದು ವರ್ಷದ ಹಿಂದೆಯೇ ದಡ ಸೇರಿ, ನೀರಲ್ಲಿ ಒದ್ದಾಡುವ ನಾಟಕ ಮಾಡುತ್ತಿದ್ದವನಿಗೋಸ್ಕರ.

ಸೋಮವಾರ ಅಂಗಡಿಯಲ್ಲಿ ಅವನು ಎಡಗಣ್ಣಿನ ಗಾಜನ್ನು ಬಲಗಡೆಗೆ ಕೂರಿಸಿದ. ಮಂಗಳವಾರ ಸಂಜೆ ಕಂಪ್ಯೂಟರಿನ ಮುಂದೆ ಕೂತು ಬರೆಯುವುದು, ಅಳಿಸುವುದು ಮಾಡುತ್ತಿದ್ದಾಗ ಹೆಂಡತಿ ಕೆಲಸದಿಂದ ಬಂದಳು. ಅವಳು ಸಿಟಿ ಬಸ್ಸಿನ ಡ್ರೈವರ್. ವರ್ಷಕ್ಕೊಮ್ಮೆ ಇವನ ಅಂಗಡಿಯಲ್ಲೇ ಕಣ್ಣು ತೋರಿಸಿಕೊಳ್ಳುತ್ತಾಳೆ, ಕಾಣದ ಅಕ್ಷರಕ್ಕೆ ಕಾಣುತ್ತಿಲ್ಲ ಎಂದೇ ಹೇಳುತ್ತಾಳೆ. ಅವಳಿಗೆ ಎಲ್ಲ ಹೇಳಿಕೊಂಡ.

“ಅವ್ರಿಗೆ ಗೊತ್ತಿಲ್ವಾ?” ಎಂದು ಅವಳು ಬೂಟು ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. “ಆ ಸಿಡುಬಲ್ಲಿ ಒಂಬತ್ತು ದಿನ ರೂಮಿಂದ ದೋಣಿ ಹಾರನ್ನೇ ಕೇಳಿಸ್ತಿತ್ತು. ನೀವು ಅವ್ರಿಗೂ ಹೇಳಿರ್ತೀರಿ ಅಂದ್ಕೊಂಡಿದ್ದೆ.”

“ಹೇಳಿದ್ರೆ ಮುಖ ನೋಡ್ತಾರಾ ನಂದು?”

“ಇಷ್ಟು ದಿನ ಯಾರು ನೋಡಿದಾರೆ ನಿಮ್ಮ ಮುಖ?” ಎಂದು ಅವಳು ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. “ರೀ, ಕೊನೇ ಸ್ಟಾಪ್ ಬಂದಿದೆ. ಇನ್ನೂ ಸೀಟಲ್ಲೇ ಕೂತಿದ್ರೆ ಡಿಪೋಗೆ ಹೋಗ್ತೀರಿ ಅಷ್ಟೆ. ಇಳಿದುಬಿಡಿ.”

ಅವನು ಬರೆದ: “ನಾನು ಇಪ್ಪತ್ತನೇ ಕಂತಿಂದ ಸುಳ್ಳು ಹೇಳ್ತಾ ಬಂದಿದೀನಿ. ಆಗ ಸಿಡುಬಾಗಿ ಮಲಗಿದ್ದೆ, ಒಂಬತ್ತು ದಿನದಲ್ಲಿ ಎಲ್ಲಾ ನೋಡ್ಬಿಟ್ಟೆ. ಡಬ್ಬೀಲಿ ಏನಿದೆ ಅಂತ ಐದು ವರ್ಷದಿಂದ ಗೊತ್ತು. ಹೇಳೋಕೆ ಅಂತಾನೇ ಬಂದೆ, ಅಷ್ಟರಲ್ಲಿ ಬೀಗ ಹಾಕ್ತೀವಿ ಅಂದ್ರಿ. ನಂಗೆ ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಾಗ್ಲಿಲ್ಲ. ದಯವಿಟ್ಟು ನನಗೋಸ್ಕರ ಯಾರೂ ರಜ ಹಾಕ್ಬೇಡಿ. ಕ್ಷಮಿಸಿ ಅನ್ನೋಕೂ ಮುಖ ಇಲ್ಲ.”

ಆ ಸಂಜೆ ಉತ್ತರ ಬರಲಿಲ್ಲ. ಬುಧವಾರ ಇಡೀ ದಿನವೂ ಇಲ್ಲ. ಅಂಗಡಿ ಬಾಗಿಲು ಎಳೆದು ಮನೆಗೆ ಬಂದು, ಕೈಕಾಲು ತೊಳೆಯದೆ ಕಂಪ್ಯೂಟರ್ ಮುಂದೆ ಕೂತ. ಆರೂವರೆಗೆ ಗುಂಡುಸೂಜಿಯ ಮಾತು ಬಂತು.

“ಇನ್ನೂರ ಎಪ್ಪತ್ತೊಂದು. ಕೂತು ಎಣಿಸಿದೆ. ಆಮೆಯಣ್ಣ, ಪ್ರತಿ ಶನಿವಾರ ನಾನು ಹೊಲಿಗೆ ಮೆಷಿನ್ ನಿಲ್ಲಿಸಿ ಕಾಯ್ತಾ ಕೂತಿರ್ತಿದ್ದೆ, ಈಗ ಬೆಚ್ಚಿಬೀಳ್ತಾರೆ ಇವ್ರು, ಈಗ ಅಳ್ತಾರೆ ಅಂತ. ನಾನು ಮೊದಲ ಸಲ ನೋಡಿದಾಗ ಆಗಿದ್ದು ನಂಗೆ ವಾಪಸ್ ಸಿಕ್ಕಿದ ಹಾಗಾಗ್ತಿತ್ತು. ಅದೆಲ್ಲ ಬರೀ ನಾಟಕ ಅಂತ ಈಗ ಹೇಳ್ತೀರಲ್ಲ.”

ಕಣ್ಣು ಸರಿಮಾಡುವ ಕಸುಬಿನವನು ತನ್ನವರ ಕಣ್ಣಿಗೇ ಮಣ್ಣೆರಚಿದ್ದ, ಅವಳ ಮಾತಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಬಂದರು, ಮಗಳ ಕೈಬೆರಳುಗಳ ಮೂಲಕ. “ನೂರ ನಲವತ್ತನಾಲ್ಕರಲ್ಲಿ ಎಂಜಿನ್‌ನವನೇ ಕಪ್ತಾನನ ತಮ್ಮ ಅಂತ ಸಾಧಿಸಿದ್ರಲ್ಲ, ಅದು ತಪ್ಪು ಅಂತ ಗೊತ್ತಿದ್ದೇ ಬರೆದ್ರಾ?”

“ಗೊತ್ತಿತ್ತು ಮೇಷ್ಟ್ರೇ.”

“ಮೂವತ್ನಾಲ್ಕು ವರ್ಷ ಗಣಿತ ಕಲಿಸ್ದೆ. ಅಷ್ಟು ಅಚ್ಚುಕಟ್ಟಾದ ತಪ್ಪು ಉತ್ತರ ಒಂದೂ ನೋಡಿರಲಿಲ್ಲ. ಆವತ್ತೇ ಅನುಮಾನ ಬರ್ಬೇಕಿತ್ತು ನಂಗೆ.” ಅದರ ಕೆಳಗೆ ಮಗಳು ತನ್ನದೊಂದು ಸಾಲು ಸೇರಿಸಿದ್ದಳು: “ಅಪ್ಪ ನಗ್ತಿದಾರೆ. ಕಣ್ಣಿಗೆ ಒಳ್ಳೇದಲ್ಲ, ನಿಲ್ಲಿಸಿ ಅಂದ್ರೂ ಕೇಳ್ತಿಲ್ಲ.”

ಬಾಗಿಲಮ್ಮ ಕೊನೆಗೆ ಬಂದಳು. “ಐದು ವರ್ಷದ ಹಿಂದೆ ಬೀಗ ಹಾಕ್ತೀನಿ ಅಂದಾಗ ನಂಗೆ ನಿಜವಾಗ್ಲೂ ಸಾಕಾಗಿತ್ತು. ಅದಾಗಿ ಮೂರು ತಿಂಗಳಿಗೆ ಅಮ್ಮ ಹೋದ್ರು. ಆ ವರ್ಷ ನಂಗೆ ಆಸ್ಪತ್ರೆ ಬಿಟ್ರೆ ಶನಿವಾರ ಒಂದೇ ಇದ್ದಿದ್ದು. ನೀವು ಆವತ್ತು ನಿಜ ಹೇಳಿದ್ರೆ ಅದೂ ಇರ್ತಿರಲಿಲ್ಲ. ಹಾಗಂತ ನೀವು ಮಾಡಿದ್ದು ಸರಿ ಅಂತ ಹೇಳಲ್ಲ. ನಿಯಮ ನಿಯಮವೇ. ಮುಂದೆ ಓಡಿದವ್ರು ಒಬ್ಬ ಹೊಸಬರನ್ನ ದಾಟಿಸ್ಬೇಕು.”

“ಅಂಗಳವೇ ಮುಚ್ಚುತ್ತಲ್ಲ, ಹೊಸಬರು ಎಲ್ಲಿ ಸಿಗ್ತಾರೆ?”

“ಅದು ನಿಮ್ಮ ತಲೆನೋವು.”

ಮತ್ತೆ ಗುಂಡುಸೂಜಿಯೇ ಮಾತು ತೆಗೆದಳು. “ಆರ್ಡರ್ ಅಂತೂ ಬಿಟ್ಟಾಗಿದೆ, ಹನ್ನೊಂದು ಸಂಜೆ ಕೈ ಕಟ್ಟಿ ಕೂರೋಕೆ ನನ್ನಿಂದಾಗಲ್ಲ. ಇನ್ನೂರ ತೊಂಬತ್ತೊಂದು ಹಾಕಿ. ಆದ್ರೆ ನಾಟಕ ಬೇಡ ಆಮೆಯಣ್ಣ. ಆ ರೂಮಲ್ಲಿ ಸಿಡುಬು ಹೊತ್ಕೊಂಡು ಮೊದಲ ಸಲ ನೋಡಿದ್ರಲ್ಲ, ಆಗ ಏನಾಯ್ತು ಅದನ್ನ ಹೇಳಿ. ಅದು ನಮಗೆ ಬರಬೇಕಾದ್ದು.”

ಅವನು ನೋಟ್‌ಬುಕ್ಕನ್ನು ಮುಚ್ಚಿ ಪಕ್ಕಕ್ಕಿಟ್ಟ. ಕಂತು ನೋಡಿ ಮುಗಿಸಿ ಬರೆಯತೊಡಗಿದ. ಎಲ್ಲರೂ ನಗುವ ಜಾಗದಲ್ಲಿ ತನಗೆ ಅಳು ಬಂದದ್ದು, ಕಣ್ಣೀರು ಕೆನ್ನೆಯ ಗುಳ್ಳೆಗಳಿಗೆ ತಾಗಿ ಉರಿದದ್ದು, ಹೊಸ್ತಿಲ ತಟ್ಟೆ ತಣ್ಣಗಾಗಿ ಹೆಂಡತಿಯ ಹತ್ತಿರ ಬೈಸಿಕೊಂಡದ್ದು, ಕಪ್ತಾನನ ಮೇಲೆ ಸಿಟ್ಟು ಬಂದು ಒಂದು ಗಂಟೆ ಗೋಡೆ ಕಡೆ ತಿರುಗಿ ಮಲಗಿದ್ದು. ಐದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಬುಳಬುಳನೆ ಬಂತು. ವಾಕ್ಯಗಳು ಅರ್ಧರ್ಧ ನಿಂತವು. ಒಂದನ್ನು ಬರೆದು, ಅಲ್ಲ ಅದು ಆಮೇಲಿನ ಕಂತಿರಬೇಕು ಎಂದು ತಿದ್ದಿಕೊಂಡ. ಈ ಸಲದ ತಡವರಿಕೆ ಲೆಕ್ಕ ಹಾಕಿ ತಂದದ್ದಲ್ಲ. ಮೂರನೆಯ ಸಂಜೆ ಗುಂಡುಸೂಜಿ ಒಂದೇ ಸಾಲು ಬರೆದಳು: “ಈಗ ಬೆಚ್ಚಿಬಿದ್ರಿ, ಆಮೆಯಣ್ಣ.” ಅದನ್ನು ಓದಿ ಅವನು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದ.

ಏಳನೆಯ ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಹೆಂಡತಿ ಇದ್ದಕ್ಕಿದ್ದಂತೆ ಕೇಳಿದಳು, “ಆ ಟಿಕೆಟ್ ಹೆಂಗಸು ಯಾಕ್ರೀ ಯಾವಾಗ್ಲೂ ಎಡಗೈಲೇ ಚಿಲ್ಲರೆ ಕೊಡ್ತಾಳೆ?”

“ನೀನ್ಯಾವಾಗ ನೋಡ್ದೆ?”

“ಕೇಳಿದ್ದಕ್ಕೆ ಹೇಳಿ.”

ಅವನು ಹೇಳಲು ಬಾಯಿ ತೆರೆದವನು ಅಭ್ಯಾಸಬಲದಿಂದ ಮುಚ್ಚಿಕೊಂಡ. ಹಾದುಹೋಗುವಾಗ ಪರದೆಯಲ್ಲಿ ಕಂಡಿರಬೇಕು ಎಂದುಕೊಂಡು ಮರೆತೂಬಿಟ್ಟ.

ಕೊನೆಯ ಶನಿವಾರ ಅಂಗಳ ತುಂಬಿತ್ತು. ಸುದ್ದಿ ಹೇಗೋ ಹಬ್ಬಿ, ಹತ್ತು ಹದಿನೈದು ವರ್ಷದಿಂದ ಕಾಣದಿದ್ದ ಹಳಬರೆಲ್ಲ ಬಂದಿದ್ದರು. ಯಾರಿಗೋ ಮೊಮ್ಮಕ್ಕಳಾಗಿದ್ದವು. ಯಾರೋ ಇಲ್ಲೇ ಪರಿಚಯವಾಗಿ ಮದುವೆಯಾಗಿ, ಇಲ್ಲೇ ಜಗಳವಾಡಿ ಬೇರೆಯಾಗಿ, ಈಗ ಇಬ್ಬರೂ ಬೇರೆಬೇರೆಯಾಗಿ ಬಂದು ನಮಸ್ಕಾರ ಹೇಳಿದ್ದರು. ಮುನ್ನೂರ ಹನ್ನೆರಡನೆಯ ಕಂತು ಮುಗಿದು, ದೋಣಿಯ ಹಾರನ್ ಕೊನೆಯ ಸಲ ಕೂಗಿ, ಪರದೆ ಕಪ್ಪಾಯಿತು.

ಬಾಗಿಲಮ್ಮ ಬರೆದಳು: “ದಾಟದವ್ರು ಯಾರೂ ಉಳಿದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಇವತ್ತು ಎಲ್ಲರೂ ಡಬ್ಬಿ ವಿಷಯ ಬಾಯಿತುಂಬ ಮಾತಾಡೋಣ. ಗುಂಡುಸೂಜಿ, ನೀನೇ ಶುರು ಮಾಡಮ್ಮ.”

ಕನ್ನಡಕದವನು ಉತ್ಸಾಹದಿಂದ ಹೆಂಡತಿಯನ್ನು ಕೂಗಿದ. “ಬಾರೇ ಇಲ್ಲಿ, ಎಷ್ಟು ಜನ ಬಂದಿದಾರೆ ನೋಡು. ಡಬ್ಬೀಲಿ ಏನಿತ್ತು ಅಂತ ಈಗ ಹೇಳ್ತಾರೆ.”

ಅವಳು ಬಂದವಳೇ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಳು. “ನಂಗೆ ತೋರಿಸ್ಬೇಡಿ. ನಾನಿನ್ನೂ ಆರನೇ ಕಂತಲ್ಲಿದೀನಿ.”

“ಏನಂದೆ?”

“ನಿಮ್ಮ ಕಂಪ್ಯೂಟರಿಂದ ಫೋನಿಗೆ ಹಾಕ್ಕೊಂಡೆ. ಡಿಪೋದಲ್ಲಿ ಟೀ ಬಿಡುವಲ್ಲಿ ನೋಡ್ತಿದೀನಿ. ಇಷ್ಟು ವರ್ಷ ನೀವು ಶನಿವಾರ ಬರೆಯೋವಾಗ ಪರೀಕ್ಷೆ ಬರೆಯೋರ ಥರ ಇರ್ತಿದ್ರಿ. ಈ ಹತ್ತು ದಿನ ಅಳ್ತಾ ನಗ್ತಾ ಬರೆದ್ರಲ್ಲ, ಅಂಥದ್ದೇನಿದೆ ಅದರಲ್ಲಿ ಅಂತ ಅನ್ನಿಸ್ತು.” ಕಣ್ಣಿನ ಮೇಲಿಂದ ಕೈ ತೆಗೆಯದೆಯೇ ಅವಳು ಗದರಿದಳು, “ಸುಮ್ನೆ ಯಾಕೆ ಕೂತಿದೀರಿ, ಅವ್ರಿಗೆ ನಿಲ್ಲಿಸೋಕೆ ಹೇಳಿ.”

ಅವನು ಅವಸರದಲ್ಲಿ ಬರೆದ: “ಒಂದು ನಿಮಿಷ. ದಯವಿಟ್ಟು ಯಾರೂ ಏನೂ ಬರೀಬೇಡಿ. ಹೊಸಬರೊಬ್ಬರು ಇದ್ದಾರೆ. ನನ್ನ ಹೆಂಡತಿ. ಆರನೇ ಕಂತು.”

ಗುಂಡುಸೂಜಿ ಅಷ್ಟರಲ್ಲಿ ‘ಡಬ್ಬಿ ತೆಗೆದಾಗ ನಂಗೆ’ ಎಂದು ಶುರುಮಾಡಿ ಒಂದಿಡೀ ಪುಟ ಹಾಕಿಯಾಗಿತ್ತು. ಕಣ್ಣು ಮಿಟುಕಿಸುವುದರೊಳಗೆ ಅದು ಮಾಯವಾಯಿತು. ಬಾಗಿಲಮ್ಮನ ಕೈ ಚುರುಕು ಇಪ್ಪತ್ತೆರಡು ವರ್ಷದ್ದು. ಬಂದಿದ್ದ ಅಷ್ಟೂ ಜನ ಬಾಯಿಗೆ ಬೀಗ ಹಾಕಿಕೊಂಡರು.

“ಅಯ್ಯೋ, ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ದೆ,” ಎಂದಳು ಗುಂಡುಸೂಜಿ. ಮರುಕ್ಷಣ, “ಆರನೇದರಲ್ಲಿ ಹಗ್ಗ ಬಿಚ್ಚೋ ಸೀನ್ ಬರುತ್ತಲ್ಲ, ನಕ್ಕರಾ ಅವ್ರು?”

“ನಗ್ಲಿಲ್ಲ. ಯಾರು ಹಾಗೆ ಗಂಟು ಹಾಕ್ತಾರೆ ಅಂತ ಬೈದಳಂತೆ.”

“ಸರಿಯಾದವ್ರು,” ಎಂದರು ಮೇಷ್ಟ್ರು.

ಆಮೇಲಿನದೆಲ್ಲ ಬೀಳ್ಕೊಡುಗೆಯ ಮಾತು. ಒಬ್ಬೊಬ್ಬರಾಗಿ ವಂದನೆ ಹೇಳಿದರು, ಕೆಲವರು ಊರು ಹೇಳಿದರು, ಕೆಲವರು ಮೊದಲ ಸಲ ತಮ್ಮ ನಿಜವಾದ ಹೆಸರು ಹೇಳಿದರು. ಆಮೆಯೂ ಆ ಮೂವರೂ ಮಾತ್ರ ತಮ್ಮತಮ್ಮಲ್ಲಿ ಫೋನ್ ನಂಬರು ಕೊಟ್ಟುಕೊಂಡರು. ಬಾಗಿಲಮ್ಮ ಆಮೆಗೆ ಬರೆದ ಕೊನೆಯ ಮಾತು ಇದು: “ಶನಿವಾರಕ್ಕೆ ಒಂದೇ ಕಂತು. ಟೀ ಬಿಡುವಲ್ಲಿ ನೋಡೋದೆಲ್ಲ ಇನ್ನು ನಡೆಯಲ್ಲ ಅಂತ ಅವ್ರಿಗೆ ಹೇಳಿ.”

ಭಾನುವಾರ ಹನ್ನೆರಡಾಗಿ ಒಂದು ನಿಮಿಷಕ್ಕೆ ಅವನು ಅಂಗಳ ತೆರೆಯಲು ನೋಡಿದ. ಬಿಳಿ ಪುಟ, ಮಧ್ಯದಲ್ಲಿ ಒಂದು ಸಾಲು: ಈ ತಾಣ ಇಲ್ಲ. ಇನ್ನೆರಡು ಸಲ ಪ್ರಯತ್ನಿಸಿದ, ಅದೇ ಸಾಲು. ಅವನಿಗೆ ಅಳು ಬಂತು, ಅತ್ತ. ಹೆಂಡತಿ ಬಂದು ಅವನ ಭುಜದ ಮೇಲೆ ಕೈಯಿಟ್ಟು ಆ ಬಿಳಿ ಪುಟವನ್ನು ತಾನೂ ಸ್ವಲ್ಪ ಹೊತ್ತು ನೋಡಿದಳು.

ಮುಂದಿನ ಶನಿವಾರ ಸಂಜೆ ಗಂಡ ಹೆಂಡತಿ ಸೋಫಾದಲ್ಲಿ ಕೂತು ಏಳನೇ ಕಂತು ನೋಡಿದರು. ಕಂತು ಮುಗಿಯುವ ಮೊದಲೇ ಮೇಜಿನ ಮೇಲೆ ಅವನ ಫೋನು ಟಿಣ್ ಎಂದಿತು. ಗುಂಡುಸೂಜಿಯದು: “ಏನಂದ್ರು?” ಅದರ ಹಿಂದೆ ಬಾಗಿಲಮ್ಮನದು: “ಅವಸರ ಮಾಡ್ಬೇಡ, ಮುಗೀಲಿ.” ಅದರ ಹಿಂದೆ ಮೇಷ್ಟ್ರದು, ಈಗ ತಾವೇ ಬರೆದದ್ದು, ಅಲ್ಲಲ್ಲಿ ಅಕ್ಷರ ತಪ್ಪಿತ್ತು.

ಹಾರನ್ ಕೂಗಿ ಕಂತು ಮುಗಿಯಿತು. ಹೆಂಡತಿ ಕಾಲು ಮಡಿಸಿ ಕೂತು, ಗಲ್ಲಕ್ಕೆ ಕೈಯಿಟ್ಟು ಯೋಚಿಸಿದಳು. ಒಮ್ಮೆ ಏನೋ ಹೇಳಲು ಹೋಗಿ ಅಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಹೇಳಿದಳು:

“ರೀ, ನಂಗ್ಯಾಕೋ ಆ ಎಂಜಿನ್‌ನವನು ಕಪ್ತಾನನ ತಮ್ಮ ಇರ್ಬೇಕು ಅನ್ನಿಸ್ತಿದೆ. ಹೌದಾ?”

ಅವನು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಎರಡೂ ಗಾಜನ್ನು ನಿಧಾನವಾಗಿ ಒರೆಸಿದ. ಮುಖದಲ್ಲಿ ಏನೂ ಕಾಣದ ಹಾಗೆ ನೋಡಿಕೊಂಡ.

“ಇರ್ಬಹುದು,” ಎಂದ. “ಮುಂದಿನ ಶನಿವಾರ ನೋಡೋಣ.”